ಮೆತ್ತೆಯ ಕೆಳಗಿನ ಅಂಚು

ಕಳೆದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಅವಳ ತೋಟ. ಹೋದಾಗ ಅಟ್ಟದ ತುಂಬ ಕಾಯಿ, ಅಂಗಳದ ತುಂಬ ಜೀಪು. 'ತುಂಬ' ಎಂದುದಕ್ಕೆ ಕಾರಣವುಂಟು. ಜೀಪು ಒಂದೇ ಆದರೂ ಅದು ಬಿಡಿಬಿಡಿಯಾಗಿ ಹರಡಿಕೊಂಡಿತ್ತು. ಚಕ್ರಗಳು ಹಲಸಿನ ಮರದ ಕೆಳಗೆ, ಸೀಟುಗಳು ಜಗುಲಿಯ ಮೇಲೆ, ಎಂಜಿನ್ ಗೋಣಿಚೀಲದ ಮರೆಯಲ್ಲಿ. ನಡುವೆ ಅಕ್ಕನ ಮಗ ಮೊಳಕಾಲೂರಿ ಕುಳಿತು ತಗಡು ಉಜ್ಜುತ್ತಿದ್ದನು.

ಈ ಜೀಪು ನಮ್ಮ ತಂದೆಯ ಕಾಲದ್ದು. ಕೊಬ್ಬರಿಯ ಚೀಲಗಳನ್ನು ತಿಪಟೂರಿನ ಮಾರುಕಟ್ಟೆಗೆ ಹೊತ್ತದ್ದು, ಮದುವೆಯ ದಿಬ್ಬಣವನ್ನು ಚಿಕ್ಕನಾಯಕನಹಳ್ಳಿಗೆ ಒಯ್ದದ್ದು ಎಲ್ಲವೂ ಅದೇ. ಅಳಿಯ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಶನಿವಾರ ಬಂದನೆಂದರೆ ಸೋಮವಾರದ ಬೆಳಗಿನವರೆಗೆ ಅವನಿಗೆ ಊಟ, ನಿದ್ರೆ ಎರಡೂ ಜೀಪಿನ ಬಳಿಯಲ್ಲಿಯೇ. ನೆಲದ ತಗಡು ತುಕ್ಕು ಹಿಡಿದು ಉದುರಿತ್ತು. ಹಳೆಯ ಅಳತೆಗೆ, ಹಳೆಯ ಮಾದರಿಗೇ ಹೊಸ ಒಡಲನ್ನು ಟಿಂಕರಿಂಗ್ ಮೇಸ್ತ್ರಿಯಿಂದ ಕಟ್ಟಿಸಿದ್ದನು. ಡ್ಯಾಷ್‌ಬೋರ್ಡನ್ನು ಮಾತ್ರ ತಾನೇ ಕತ್ತರಿಸಿ, ತಾನೇ ರಂಧ್ರ ಕೊರೆದು ಕೂರಿಸಿದ್ದನು.

"ನೋಡಿ ಮಾವ, ಅಂಚಿಗೆ ಈ ರಬ್ಬರ್ ಬೀಡಿಂಗ್ ಒತ್ತಿಬಿಟ್ಟರೆ ಆಯಿತು. ಮೇಲೆ ಎರಡು ಬೆರಳು ದಪ್ಪ ಫೋಮು, ಅದರ ಮೇಲೆ ರೆಕ್ಸಿನ್. ಹೊಸ ಕಾರಿನ ಹಾಗೆ ಕಾಣುತ್ತದೆ" ಎಂದನು.

ನಾನು ಹೆಬ್ಬೆರಳಿನಿಂದ ಅಂಚನ್ನು ಸವರಿದೆ. ಸವರಿದುದು ಅರ್ಧ ಮೊಳವೂ ಇರಲಾರದು. ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಅಕ್ಕ ಜಗುಲಿಯಿಂದ ನೋಡುತ್ತಿದ್ದಳು. ಏನೂ ಹೇಳದೆ ಒಳಗೆ ಹೋಗಿ ಅರಿಸಿನ ತಂದು ಮುಂದಿಟ್ಟಳು.

ಅವಳು ಏಕೆ ಮಾತನಾಡಲಿಲ್ಲವೆಂಬುದು ನನಗೆ ಗೊತ್ತು, ಅಳಿಯನಿಗೆ ಗೊತ್ತಿಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಜೀಪಿನ ಮುಂದಿನ ಸೀಟಿನಲ್ಲಿ ಅವಳು ಅಮ್ಮನ ಪಕ್ಕದಲ್ಲಿ ಕುಳಿತಿದ್ದಳು. ನಾನು ಅಮ್ಮನ ತೊಡೆಯ ಮೇಲಿದ್ದೆ. ಮುಸ್ಸಂಜೆಯಲ್ಲಿ ಒಂದು ಎತ್ತು ದಾರಿಗೆ ಅಡ್ಡ ಬಂದಿತು; ಅಪ್ಪ ಬ್ರೇಕು ಒತ್ತಿದರು. ಜೀಪಿಗೆ ಏನೂ ಆಗಲಿಲ್ಲ, ಎತ್ತಿಗೂ ಏನೂ ಆಗಲಿಲ್ಲ. ಅಮ್ಮ ಎರಡು ಕೈಗಳಿಂದಲೂ ನನ್ನನ್ನು ಹಿಡಿದುಕೊಂಡರು. ಅಕ್ಕನನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಅವಳ ಹಣೆ ತಗಡಿನ ಅಂಚಿಗೆ ಬಡಿಯಿತು. ಆರು ಹೊಲಿಗೆ ಬಿದ್ದವು. ಇಂದಿಗೂ ಅವಳು ಕುಂಕುಮವನ್ನು ಒಂದಿಷ್ಟು ದೊಡ್ಡದಾಗಿ ಇಡುತ್ತಾಳೆ. ನೋಡಿದವರು ಸಂಪ್ರದಾಯವೆಂದುಕೊಳ್ಳುತ್ತಾರೆ.

ಆ ರಾತ್ರಿ ಅಳಿಯನಿಗೆ ಇದನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಫೋಮನ್ನು ಇನ್ನೂ ದಪ್ಪ ಹಾಕುತ್ತೇನೆ ಮಾವ" ಎಂದನು. ಇಲ್ಲಿಯೇ ನಾವೆಲ್ಲರೂ ಎಡವುವುದು. ದೋಷ ಒಳಗಿರುತ್ತದೆ, ನಾವು ಹೊದಿಕೆಯನ್ನು ಹೆಚ್ಚಿಸುತ್ತೇವೆ.

ಅಡಿಗೆಮನೆಯ ಈಳಿಗೆಮಣೆಯನ್ನು ನೆನೆಯಿರಿ. ಅದೇ ಕಬ್ಬಿಣ, ಅದೇ ಕೈಯ ಬಲ. ಬಾಯಿಯ ಮೇಲೆ ಒತ್ತಿದರೆ ಕುಂಬಳಕಾಯಿ ಎರಡು ಹೋಳಾಗುತ್ತದೆ, ಬೆನ್ನಿನ ಮೇಲೆ ಒತ್ತಿದರೆ ಗುರುತೂ ಬೀಳದು. ಬಲ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಅಗಲದ ಮೇಲೆ ಹರಡಿತು, ಎಷ್ಟು ಹೊತ್ತಿನಲ್ಲಿ ಮುಗಿಯಿತು ಎಂಬುದರ ಮೇಲೆ ಗಾಯದ ಆಳ ನಿಲ್ಲುತ್ತದೆ. ಹ್ಯೂ ಡಿಹೇವನ್ ಎಂಬಾತ 1917ರಲ್ಲಿ ವಿಮಾನ ಚಾಲನೆಯನ್ನು ಕಲಿಯುತ್ತಿದ್ದಾಗ ವಿಮಾನ ನೆಲಕ್ಕೆ ಬಿದ್ದಿತು. ಆತ ಬದುಕಿದನಾದರೂ ಹೊಟ್ಟೆಯೊಳಗಿನ ಅಂಗಗಳಿಗೆ ತೀವ್ರ ಪೆಟ್ಟಾಯಿತು. ಅದಕ್ಕೆ ಕಾರಣ ತನ್ನ ಸೊಂಟದ ಪಟ್ಟಿಯ ಬಕಲಿನ ಚೂಪು ಮೊನೆಯೆಂದು ಆತ ಕಂಡುಕೊಂಡನು. ಮುಂದೆ ಎತ್ತರದಿಂದ ಬಿದ್ದೂ ಬದುಕಿದವರ ಪ್ರಕರಣಗಳನ್ನು ಕೂಡಿಹಾಕಿ 1942ರಲ್ಲಿ ಪ್ರಕಟಿಸಿದನು. ಐವತ್ತರಿಂದ ನೂರೈವತ್ತು ಅಡಿಗಳಿಂದ ಬಿದ್ದವರೂ ಅದರಲ್ಲಿದ್ದರು. ಬಿದ್ದ ಜಾಗ ಪೆಟ್ಟನ್ನು ಹರಡಿ ತಡವಾಗಿಸಿದರೆ ಮನುಷ್ಯದೇಹ ನಾವೆಣಿಸಿದುದಕ್ಕಿಂತ ಹೆಚ್ಚನ್ನು ತಾಳಬಲ್ಲುದು ಎಂಬುದೇ ಅದರ ಸಾರ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಕ್ಲೇರ್ ಸ್ಟ್ರೇತ್ ಎಂಬ ಶಸ್ತ್ರವೈದ್ಯರಿದ್ದರು. ಮುರಿದ ಮುಖಗಳನ್ನು ಸರಿಪಡಿಸುವುದೇ ಅವರ ಕೆಲಸ. 1930ರ ದಶಕದಲ್ಲಿ ಅವರ ಬಳಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಕಾರಿನ ಮುಂದಿನ ಸೀಟಿನಲ್ಲಿ, ಚಾಲಕನ ಪಕ್ಕದಲ್ಲಿ ಕುಳಿತಿದ್ದವರು. ಡ್ಯಾಷ್‌ಬೋರ್ಡಿನ ಅಂಚು, ಅದರಿಂದ ಚಾಚಿಕೊಂಡ ಗುಂಡಿಗಳು ಅವರ ಮುಖದ ಮೇಲೆ ಅಚ್ಚೊತ್ತಿರುತ್ತಿದ್ದವು. ಹೊಲಿದು ಹೊಲಿದು ಬೇಸತ್ತ ಆ ವೈದ್ಯರು ತಮ್ಮ ಸ್ವಂತ ಕಾರಿಗೆ ಮೆತ್ತೆ ಹಾಕಿಸಿಕೊಂಡರು, ಕಾರು ತಯಾರಕರ ಬಾಗಿಲು ತಟ್ಟಿದರು. ಕ್ರೈಸ್ಲರ್ ಸಂಸ್ಥೆ ತನ್ನ 1937ರ ಕಾರುಗಳಲ್ಲಿ ಗುಂಡಿಗಳನ್ನು ಫಲಕದೊಳಕ್ಕೆ ತಗ್ಗಿಸಿತು. ಆದರೂ ಕಾರಿನ ಒಳಮೈ ಹೇಗಿರಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬರಲು 1968ರ ಜನವರಿ ಬರಬೇಕಾಯಿತು.

ಇಷ್ಟನ್ನೆಲ್ಲ ಕೇಳಿದ ಅಳಿಯ ತಾನೂ ಒಂದು ನಿಯಮವನ್ನು ಹುಡುಕಿ ತಂದನು. ವಿಶ್ವಸಂಸ್ಥೆಯ ಯುರೋಪು ಆರ್ಥಿಕ ಆಯೋಗದ 21ನೆಯ ನಿಯಮವದು. ಅದರಲ್ಲಿ 165 ಮಿಲಿಮೀಟರ್ ವ್ಯಾಸದ ಗುಂಡೊಂದು ತಲೆಯ ಪಾತ್ರವನ್ನು ವಹಿಸುತ್ತದೆ. ತಲೆ ಬಡಿಯಬಹುದಾದ ಪ್ರದೇಶದಲ್ಲಿ ಆ ಗುಂಡಿಗೆ ತಾಗುವ ಅಂಚಿನ ದುಂಡು 2.5 ಮಿಲಿಮೀಟರ್ ತ್ರಿಜ್ಯಕ್ಕೆ ಕಡಮೆಯಾಗಬಾರದು. ಮೊಣಕಾಲಿಗೆ ಎದುರಾಗುವ ಕೆಳ ಅಂಚಿಗಾದರೆ ಸಾಮಾನ್ಯವಾಗಿ 19 ಮಿಲಿಮೀಟರ್ ಬೇಕು. ಇದಕ್ಕಿಂತ ಮುಖ್ಯವಾದ ಮಾತು ಮುಂದಿದೆ: ಗಟ್ಟಿ ಆಧಾರದ ಮೇಲೆ ಮೆತ್ತನೆಯ ಹೊದಿಕೆಯಿದ್ದರೆ, ಈ ಅಳತೆಗಳು ಹೊದಿಕೆಗಲ್ಲ, ಅದರ ಕೆಳಗಿನ ಆಧಾರಕ್ಕೆ ಅನ್ವಯಿಸುತ್ತವೆ. ಎಂದರೆ ಪರೀಕ್ಷಕರು ರೆಕ್ಸಿನ್ನಿನ ಅಂದಕ್ಕೆ ಮರುಳಾಗುವುದಿಲ್ಲ. ಒಳಗಿನ ಎಲುಬನ್ನು ನೋಡುತ್ತಾರೆ. ಬ್ರಿಟನ್ನಿನಲ್ಲಿ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಕಾರು ಕಟ್ಟುವ ಹವ್ಯಾಸ ಹಳೆಯದು; ಲೋಟಸ್ ಸೆವೆನ್ ಎಂಬ ಕಾರು 1957ರಿಂದ ಹಾಗೆಯೇ ಮಾರಾಟವಾಯಿತು. ಅಂತಹ ಕಾರುಗಳು ರಸ್ತೆಗಿಳಿಯುವ ಮುನ್ನ ಇಂತಹುದೇ ಪರೀಕ್ಷೆಗೆ ಒಳಗಾಗಬೇಕು.

"165 ಮಿಲಿಮೀಟರಿನ ಗುಂಡಿಗೆ ಎಲ್ಲಿಗೆ ಹೋಗಲಿ?" ಎಂದನು ಅಳಿಯ. ಅಟ್ಟದ ಕೆಳಗೆ ನಿಂತು ಕೇಳಿದ ಪ್ರಶ್ನೆಯಿದು! ಒಂದು ಕಾಯಿಯನ್ನು ಇಳಿಸಿ, ಮಟ್ಟೆಯನ್ನು ಪೂರ್ತಿ ಸುಲಿಯದೆ ಸುತ್ತಲೂ ಸವರಿ ಗುಂಡಗೆ ಮಾಡಿದೆವು. ಅಳತೆ ಹೆಚ್ಚುಕಡಮೆ ಸರಿಹೋಯಿತು. ಅದಕ್ಕೆ ಸೀಮೆಸುಣ್ಣ ಬಳಿದು ಡ್ಯಾಷ್‌ಬೋರ್ಡಿನ ಮೇಲೆಲ್ಲ ಉರುಳಿಸಿದೆವು. ಸುಣ್ಣ ಹತ್ತಿದ ಅಂಚುಗಳೆಲ್ಲ ತಿದ್ದಬೇಕಾದವು. ಮೇಲಂಚು ಉದ್ದಕ್ಕೂ ಬಿಳುಪಾಯಿತು. ಮುಚ್ಚಳವಿಲ್ಲದ ಗೂಡಿನ ಬಾಯಿ, ಹಿಡಿಕೆಯ ತಿರುಪಿನ ತಲೆಗಳು, ನಾವು ಗಮನಿಸದೆ ಬಿಟ್ಟಿದ್ದ ಎಷ್ಟೋ ಮೂಲೆಗಳು ಬಿಳುಪಾದವು.

ಕಾಯಿಯನ್ನು ಕೈಯಲ್ಲಿ ಹಿಡಿದಾಗ ಇನ್ನೊಂದು ಮಾತು ಹೊಳೆಯಿತು. ಹದಿನೈದು ಮೀಟರ್ ಎತ್ತರದ ಮರದಿಂದ ಉದುರುವ ಕಾಯಿ ನೆಲ ಮುಟ್ಟುವಾಗ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿರುತ್ತದೆ. ಆದರೂ ಚಿಪ್ಪು ಸಾಮಾನ್ಯವಾಗಿ ಒಡೆಯುವುದಿಲ್ಲ. ಹೊರಗೆ ಬಿಗಿಯಾದ ಸಿಪ್ಪೆ, ನಡುವೆ ಕುಗ್ಗಿಕೊಡುವ ನಾರು, ಒಳಗೆ ಮೂಲೆಯೇ ಇಲ್ಲದ ದುಂಡನೆಯ ಚಿಪ್ಪು. ನಾರಿನ ಕೆಳಗೆ ಚಿಪ್ಪು ಚೌಕವಾಗಿದ್ದರೆ ಪೆಟ್ಟು ಮೂಲೆಗೇ ಬೀಳುತ್ತಿತ್ತು. ಮೇಲಿನ ಮೆತ್ತೆ, ಒಳಗಿನ ದುಂಡು ಎರಡೂ ಕೂಡಿದರೆ ಮಾತ್ರ ರಕ್ಷಣೆ.

ಹಾಗೆಂದು ನಾರನ್ನೇ ತುಂಬಿಬಿಡುವುದೇ? ಬೇಡ. ಬಿಡಿ ನಾರು ಬೇಗ ಕುಗ್ಗಿ ಕೂರುತ್ತದೆ, ತೇವ ಹಿಡಿಯುತ್ತದೆ, ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತದೆ. ಸೀಟಿಗೆ ಹಾಕುವ ಮೆತುವಾದ ಫೋಮೂ ಸಲ್ಲದು. ತಲೆ ಬಡಿದೊಡನೆ ಅದು ಕಾಗದದಂತೆ ಚಪ್ಪಟೆಯಾಗಿ ತಗಡಿಗೆ ದಾರಿ ಬಿಡುತ್ತದೆ. ಹೆಬ್ಬೆರಳಿನಿಂದ ಬಲವಾಗಿ ಒತ್ತಿದರೂ ತಳ ಮುಟ್ಟದ, ನಿಧಾನವಾಗಿ ಕುಗ್ಗುವ ಗಟ್ಟಿ ಫೋಮು ಬೇಕು. ವಾಹನದ ಒಳಹೊದಿಕೆಯಲ್ಲಿ ಬೆಂಕಿ ನಿಮಿಷಕ್ಕೆ 100 ಮಿಲಿಮೀಟರಿಗಿಂತ ವೇಗವಾಗಿ ಹಬ್ಬಬಾರದೆಂಬುದು ನಮ್ಮ ದೇಶದ ಮಾನದಂಡ. ರೆಕ್ಸಿನ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಇದನ್ನು ವಿಚಾರಿಸಬೇಕು. ಬಣ್ಣವೂ ಹೊಳೆಯದ ಕಪ್ಪಾದರೆ ಮುಂದಿನ ಗಾಜಿನಲ್ಲಿ ಅದರ ನೆರಳು ಕಾಣದು.

ಇನ್ನು ಅಂಚನ್ನು ದುಂಡಗೆ ಮಾಡುವ ಬಗೆ. ಒಂದು ಮಿಲಿಮೀಟರ್ ದಪ್ಪದ ತಗಡನ್ನು ಅರದಿಂದ ಎಷ್ಟು ಉಜ್ಜಿದರೂ 2.5 ಮಿಲಿಮೀಟರ್ ತ್ರಿಜ್ಯ ಬರುವುದಿಲ್ಲ. ಇಲ್ಲದ ದಪ್ಪ ಬರುವುದಾದರೂ ಎಲ್ಲಿಂದ? ಇದಕ್ಕೆ ಉತ್ತರ ಮೇಸ್ತ್ರಿಯ ಬಳಿಯಿತ್ತು. "ಸ್ವಾಮಿ, ನಿಮ್ಮ ಬಚ್ಚಲಮನೆಯ ತಗಡಿನ ಬಕೀಟು ನೋಡಿಲ್ಲವೆ?" ಎಂದನಾತ. ಬಕೀಟಿನ ಬಾಯಿಯ ತಗಡನ್ನು ಒಳಗೊಂದು ತಂತಿಯಿಟ್ಟು ಸುತ್ತಿರುತ್ತಾರೆ. ಕೈ ಕೊಯ್ಯದು, ಬಾಯಿ ಸೊಟ್ಟಗಾಗದು. ಅದೇ ರೀತಿ 4 ಮಿಲಿಮೀಟರ್ ಕಂಬಿಗೆ 1 ಮಿಲಿಮೀಟರ್ ತಗಡನ್ನು ಸುತ್ತಿದರೆ ಹೊರಗಿನ ತ್ರಿಜ್ಯ 3 ಮಿಲಿಮೀಟರ್ ಆಗುತ್ತದೆ, ಅಳತೆ ಮೀರಿ ಸಲ್ಲುತ್ತದೆ. ಕೆಳ ಅಂಚಿಗೆ 40 ಮಿಲಿಮೀಟರ್ ಹೊರವ್ಯಾಸದ ಕೊಳವೆಯನ್ನು ಉದ್ದಕ್ಕೆ ಸೀಳಿ, ಸೀಳಿನ ಬಾಯಿ ಹಿಂದಕ್ಕೆ ತಿರುಗುವಂತೆ ಕೂರಿಸಿದನು. ತಿರುಪುಗಳನ್ನೆಲ್ಲ ಹಿಂಬದಿಯಿಂದ ಬಿಗಿದುದಾಯಿತು. ವೈರುಗಳು ತೂರುವ ರಂಧ್ರಗಳಿಗೆ ರಬ್ಬರಿನ ಬಳೆ ತೊಡಿಸಿದನು. ಅಲ್ಲಿಯ ಅಂಚು ಹಣೆಯನ್ನು ಕೊಯ್ಯದಿದ್ದರೂ ವೈರಿನ ಹೊದಿಕೆಯನ್ನು ಕೊಯ್ದು ಬೆಂಕಿ ಹಚ್ಚಬಲ್ಲುದು. ರಬ್ಬರ್ ಬೀಡಿಂಗ್ ನಿರುಪಯೋಗಿಯೇನಲ್ಲ. ತಿದ್ದಿದ ಅಂಚಿಗೆ ಅದು ಒಡವೆ, ತಿದ್ದದ ಅಂಚಿಗೆ ಬರಿಯ ಮುಸುಕು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಹಾಗೆಯೇ ರಸ್ತೆಗೆ ಇಳಿಸುವಂತಿಲ್ಲ. ಮಾದರಿಗೆ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷೆ ಆಗಬೇಕು. ಹಳೆಯ ವಾಹನವನ್ನೂ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದುದಕ್ಕಿಂತ ಭಿನ್ನವಾಗುವಂತೆ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದುದರಿಂದ ಕೆಲಸಕ್ಕೆ ಕೈ ಹಾಕುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಅಳಿಯನೂ ಹಾಗೆಯೇ ಮಾಡಿದ್ದನು.

ಎರಡನೆಯದು: ಅಂಚು ಎಷ್ಟು ದುಂಡಗಿದ್ದರೂ ತಲೆ ಅದಕ್ಕೆ ತಾಗದಿರುವುದೇ ಉತ್ತಮ. ಮೇಲೆ ಹೇಳಿದ ನಿಯಮದ ಪರೀಕ್ಷೆ ಗಂಟೆಗೆ 24 ಕಿಲೋಮೀಟರ್ ವೇಗದ ಹೊಡೆತದ್ದು. ಏಳೂವರೆ ಅಡಿ ಎತ್ತರದ ಅಟ್ಟದಿಂದ ತಲೆಕೆಳಗಾಗಿ ಬಿದ್ದಷ್ಟು. ರಸ್ತೆಯಲ್ಲಿ ಅದಕ್ಕಿಂತ ಎಷ್ಟೋ ವೇಗವಾಗಿ ಹೋಗುತ್ತೇವೆ. ಸೀಟ್ ಬೆಲ್ಟ್ ಬೇಕೇ ಬೇಕು. ಅದನ್ನು ಬಿಗಿಯುವ ಜಾಗ ತಗಡಾಗಿರದೆ ಬಲವಾದ ಚೌಕಟ್ಟಾಗಿರಬೇಕು, ಆ ಕೆಲಸವನ್ನು ತಿಳಿದವರೇ ಮಾಡಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕೂರುವ ಅಭ್ಯಾಸವನ್ನು ಬಿಡಬೇಕು. ತಾಯಿಯ ತೋಳು ಎಷ್ಟೇ ಬಿಗಿಯಾಗಿದ್ದರೂ ಬ್ರೇಕಿನ ರಭಸದ ಮುಂದೆ ಅದು ಸೋಲುತ್ತದೆ. ಅಂದು ನಾನು ಉಳಿದುದು ಅದೃಷ್ಟದಿಂದಲೇ ಹೊರತು ಬೇರೆ ಯಾವ ಬಲದಿಂದಲೂ ಅಲ್ಲ.

ಮೊನ್ನೆಯ ಭಾನುವಾರ ಮತ್ತೆ ಹೋಗಿದ್ದೆ. ತಗಡಿನ ಕೆಲಸ ಮುಗಿದಿತ್ತು, ಮೆತ್ತೆ ಇನ್ನೂ ಹೊದಿಸಿರಲಿಲ್ಲ. ಅಳಿಯ, "ಅಮ್ಮಾ, ಒಂದು ಸಲ ನೋಡು ಬಾ" ಎಂದು ಕರೆದನು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬರಿಯ ಕಬ್ಬಿಣದ ಅಂಚಿನ ಮೇಲೆ ಅಂಗೈಯಿಟ್ಟು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಿದಳು. ಎಡದ ಮೂಲೆಯಲ್ಲಿ, ಅಂದು ತಾನು ಕುಳಿತಿದ್ದ ಕಡೆ, ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಗೆರೆ ಇರಲಿಲ್ಲ.

"ಸರಿಯಾಗಿದೆ ಕಣಪ್ಪ. ಇನ್ನು ಬಟ್ಟೆ ಹೊದಿಸು" ಎಂದು ಹೇಳಿ ಒಲೆಯ ಮೇಲಿನ ಸಾರು ನೋಡಲು ಒಳಗೆ ಹೋದಳು.