ಬಾವಲಿ ಹಿಕ್ಕೆಯ ಗೊಬ್ಬರ

ರಾಸಾಯನಿಕ ಗೊಬ್ಬರದಿಂದ ಬೇಸತ್ತಿರುವ ನಾವು ‘ಸಾವಯವ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ನಿರಪಾಯಕಾರಿಯೆಂದು ನಂಬಿಬಿಡುತ್ತೇವೆ. ಬಾವಲಿಯ ಹಿಕ್ಕೆ ಸಾರಜನಕ, ರಂಜಕಗಳುಳ್ಳ ಉತ್ತಮ ಗೊಬ್ಬರವೆಂಬುದು ದಿಟ. ಆದರೆ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಹಿಸ್ಟೋಪ್ಲಾಸ್ಮಾ ಎಂಬ ಶಿಲೀಂಧ್ರವು ಬೆಳೆಯುವುದುಂಟು. ಕೆದಕಿದಾಗ ಏಳುವ ಧೂಳಿನೊಡನೆ ಅದರ ಕಣಗಳು ಶ್ವಾಸಕೋಶವನ್ನು ಸೇರುತ್ತವೆ. ಅನೇಕರಿಗೆ ಏನೂ ಆಗದು. ಕೆಲವರಿಗೆ ಜ್ವರ, ಕೆಮ್ಮು, ಎದೆನೋವು. ಕ್ಷಯವೆಂದು ಭ್ರಮಿಸುವಷ್ಟು ಹೋಲಿಕೆಯಿರುವುದರಿಂದ ವೈದ್ಯರಿಗೆ ಹಿಕ್ಕೆಯ ಸಂಗತಿಯನ್ನು ಹೇಳಲೇಬೇಕು.

ಅಮೆರಿಕದ ರೋಚೆಸ್ಟರ್ ನಗರದಲ್ಲಿ ಗಾಂಜಾ ಗಿಡಗಳಿಗೆ (ಗಿಡದ ಮಾತು ಹಾಗಿರಲಿ) ಈ ಗೊಬ್ಬರವನ್ನು ಹಾಕಹೊರಟ ಇಬ್ಬರು ಇದೇ ರೋಗದಿಂದ ಮಡಿದುದನ್ನು ಅಲ್ಲಿಯ ವೈದ್ಯರು 2024ರಲ್ಲಿ ವರದಿ ಮಾಡಿದರು. ಒಬ್ಬರದು ಕೊಂಡು ತಂದ ಹಿಕ್ಕೆ, ಇನ್ನೊಬ್ಬರದು ತಮ್ಮ ಮನೆಯ ಅಟ್ಟದ್ದೇ.

ಆದುದರಿಂದ ಅಟ್ಟದಲ್ಲಾಗಲಿ ಹಾಳುಗುಡಿಯಲ್ಲಾಗಲಿ ಒಣಹಿಕ್ಕೆಯನ್ನು ಗುಡಿಸಬಾರದು. ನೀರು ಚಿಮುಕಿಸಿ ಧೂಳಡಗಿಸಬೇಕು. ಮುಖಕ್ಕೆ ಸೆರಗು, ಟವೆಲು ಸಾಲದು, ಎನ್-95 ಮುಖಗವಸು ಬೇಕು. ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಹತ್ತಿರ ಸುಳಿಯಬಾರದು.

ಗವಿಗಳಿಂದ ಹಿಕ್ಕೆ ತರುವುದನ್ನಂತೂ ನಾವು ಒಪ್ಪಲಾರೆವು. ಕೀಟಗಳನ್ನು ತಿಂದು ಬದುಕುವ ಬಾವಲಿಗಳಲ್ಲಿ ಹೆಚ್ಚಿನವು ವರುಷಕ್ಕೆ ಒಂದೇ ಮರಿ ಹಾಕುತ್ತವೆ. ಆ ಕಾಲದಲ್ಲಿ ದೀಪ ಹಿಡಿದು ನುಗ್ಗಿದರೆ ತಾಯಂದಿರು ಚೆದರಿ ಮರಿಗಳು ಉದುರಿ ಸಾಯುತ್ತವೆ. ಹೊಲದ ಹುಳುಗಳನ್ನು ಇರುಳಲ್ಲಿ ಹಿಡಿಯುವ ಈ ಜೀವಿ ಅಳಿದರೆ ರೈತ ಮತ್ತೆ ಕೀಟನಾಶಕದ ಅಂಗಡಿಗೇ ನಡೆಯಬೇಕಾದೀತು. ಖಾನಾಪುರ ತಾಲೂಕಿನ ಬಾರಾಪೇಡೆ ಗವಿಯ ಅಪರೂಪದ ಬಾವಲಿಯನ್ನು ವಿಜ್ಞಾನವು 1913ರಲ್ಲಿ ಗುರುತಿಸಿತು. ಸುತ್ತಲಿನ ಕಾಡು ಭೀಮಗಡ ಅಭಯಾರಣ್ಯವಾಗಲು 2011ರವರೆಗೆ ಕಾಯಬೇಕಾಯಿತು.