ಕೈದಿಗೆ ಸಿಕ್ಕ ಬಯಲು ಚಿತ್ರಗಳಿಗೇಕಿಲ್ಲ?

2022ರ ನವೆಂಬರ್‌ನಲ್ಲಿ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕಿನ 40 ಹಳ್ಳಿಗಳ ಗಡಿ ಜಗಳ ಎದ್ದಾಗ ಎರಡೂ ರಾಜ್ಯಗಳಿಗೆ ನಮ್ಮ ಮೇಲೆ ಏಕಾಏಕಿ ಅಕ್ಕರೆ ಉಕ್ಕಿತು. ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಕ್ಕಿನ ಮಾತಾಡಿದರು. ಒಂದು ಹಳ್ಳಿಯನ್ನೂ ಬಿಟ್ಟುಕೊಡೆವು ಎಂದರು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್. ನೆಲದ ಲೆಕ್ಕ ಇಷ್ಟು ಬಿಗಿಯಾಗಿ ಇಡುವವರು, ಈ ಸೀಮೆಯ ಸಂಸ್ಥಾನಗಳು ಕೂಡಿಟ್ಟ ಕಲೆಯ ಲೆಕ್ಕವನ್ನು ಜನರಿಗೆ ಯಾವಾಗ ಒಪ್ಪಿಸುತ್ತಾರೆ?

ಸಾತಾರಾ ಜಿಲ್ಲೆಯ ಔಂಧದ ಭವಾನಿ ವಸ್ತುಸಂಗ್ರಹಾಲಯವನ್ನೇ ನೋಡಿ. ಔಂಧ ಸಂಸ್ಥಾನದ ರಾಜಾ ಭವಾನರಾವ್ ಪಂತ ಪ್ರತಿನಿಧಿ 1938ರಲ್ಲಿ ಯಮಾಯಿ ಗುಡ್ಡದ ಮೇಲೆ ಕಟ್ಟಿಸಿದ್ದು. ರವಿವರ್ಮನ ಮೂಲ ಚಿತ್ರಗಳಿಂದ ಹಿಡಿದು ಹೆನ್ರಿ ಮೂರ್‌ನ ತಾಯಿ-ಮಗುವಿನ ಶಿಲ್ಪದವರೆಗೆ ಅಲ್ಲಿಯ ಸಂಗ್ರಹ. ಜತ್ತ ಡಫಳೆಯವರ ಸಂಸ್ಥಾನ, ಔಂಧದ್ದಲ್ಲ, ಒಪ್ಪಿದೆ. ಆದರೆ ನಮ್ಮದೇ ಜಿಲ್ಲೆಯ ಆಟಪಾಡಿ, ಈಗ ವಿಜಯಪುರ ಜಿಲ್ಲೆಯಲ್ಲಿರುವ ಗುಣದಾಳ ಎರಡೂ ಔಂಧಕ್ಕೆ ಸೇರಿದ್ದವು. ಗುಣದಾಳದ ಕನ್ನಡ ರೈತನ ಕಂದಾಯವೂ ಆ ಬೊಕ್ಕಸಕ್ಕೇ ಹೋಗುತ್ತಿತ್ತು. ಇಂದು ಸಂಗ್ರಹಾಲಯ ಮಹಾರಾಷ್ಟ್ರ ಸರ್ಕಾರದ್ದು. ಎಂದ ಮೇಲೆ ಜತ್ತದ ತೆರಿಗೆದಾರನಿಗೂ ಅದರ ಉಗ್ರಾಣದಲ್ಲಿ ಏನಿದೆ ಎಂದು ಕೇಳುವ ಅಧಿಕಾರವಿದೆ.

ಭವಾನರಾವ್ 1939ರಲ್ಲಿ ಅಧಿಕಾರವನ್ನೇ ಪ್ರಜೆಗಳಿಗೆ ಬರೆದುಕೊಟ್ಟವರು. ಅದೇ ಕಾಲದಲ್ಲಿ ಆಟಪಾಡಿಯ ಬಳಿ ಸ್ವತಂತ್ರಪುರದಲ್ಲಿ ಗೋಡೆಯಿಲ್ಲದ ಜೈಲು ಶುರುವಾಯಿತು. ವಿ. ಶಾಂತಾರಾಮರ ‘ದೋ ಆಂಖೆ ಬಾರಹ ಹಾಥ್’ ಸಿನಿಮಾ ಹುಟ್ಟಿದ್ದು ಅದರಿಂದಲೇ. ಶಿಕ್ಷೆಗೊಳಗಾದವರನ್ನೇ ಬಯಲಲ್ಲಿ ಬಿಟ್ಟು ನಂಬಿದ ದೊರೆಯ ವಾರಸುದಾರ ಸರ್ಕಾರ, ನೋಡಲು ಬರುವವರನ್ನು ನಂಬಲು ಹೆದರುತ್ತದೆ!

ಉಗ್ರಾಣ ತೆರೆದರೆ ಕಳ್ಳತನವಾದೀತು ಎನ್ನುತ್ತಾರೆ. ಪಟ್ಟಿ, ಫೋಟೊ ಎಲ್ಲರ ಕೈಯಲ್ಲಿರುವ ವಸ್ತುವನ್ನು ಕದ್ದು ಮಾರುವುದು ಕಷ್ಟ. ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದ್ದು ಸದ್ದಿಲ್ಲದೆ ಮಾಯವಾಗುತ್ತದೆ. ಬೆಳಕಿಗೆ ಕಾಗದದ ಚಿತ್ರಗಳು ಮಾಸುತ್ತವೆ ಎಂಬುದು ಖರೆ. ಅದಕ್ಕೆಂದೇ ಅವನ್ನು ವರ್ಷಗಟ್ಟಲೆ ಗೋಡೆಗೆ ತೂಗುಹಾಕದೆ, ಕೇಳಿದವರಿಗೆ ತುಸು ಹೊತ್ತು ತೆಗೆದು ತೋರಿಸಬೇಕು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ 2025ರ ಮೇ 31ರಂದು ತನ್ನ ಎರಡೂವರೆ ಲಕ್ಷಕ್ಕೂ ಹೆಚ್ಚು ವಸ್ತುಗಳ ಉಗ್ರಾಣವನ್ನೇ ತೆರೆಯಿತು. ಮೊದಲೇ ಬರೆದು ತಿಳಿಸಿದರೆ ಐದು ವಸ್ತುಗಳವರೆಗೆ ಪುಕ್ಕಟೆ ಮುಂದಿಟ್ಟು ತೋರಿಸುತ್ತಾರೆ. ಸಿಬ್ಬಂದಿ ಸಾಲದು ಎಂಬ ಒಂದು ಅಡ್ಡಿ ಮಾತ್ರ ನಿಜವಾದದ್ದು. ಹಾಗಿದ್ದರೆ ನೇಮಕ ಮಾಡಿ.

ನನ್ನನ್ನು ಕೆರಳಿಸುವುದು ಇನ್ನೊಂದು ಮಾತು: ಜತ್ತದಂಥ ಬರದ ಸೀಮೆಯಿಂದ ಚಿತ್ರ ನೋಡಲು ಯಾರು ಬರುತ್ತಾರೆ? ನಮ್ಮ ತಾಲ್ಲೂಕಿನ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದೇ ಬರುವ ಮಂದಿಯ ಜಗಲಿಯ ಮೇಲೆ ಲಕ್ಷ್ಮಿ, ಸರಸ್ವತಿ ಯಾರ ಕೈಯವರೆಂದು ತಿಳಿದಿದ್ದೀರಿ? ರವಿವರ್ಮನ ಅಚ್ಚಿನ ಪಟಗಳು, ಇಲ್ಲವೇ ಅವುಗಳ ನಕಲು. ಆ ಪಟಗಳ ಮುಂದೆ ದೀಪ ಹಚ್ಚುತ್ತ ಬೆಳೆದವರಿಗೆ ಅದೇ ಕೈಯ ಎಣ್ಣೆಬಣ್ಣ ಹೇಗಿರುತ್ತದೆಂದು ನೋಡುವ ಆಸೆ ಇರುವುದಿಲ್ಲವೇ? 1979ರಲ್ಲಿ ಕೇಂದ್ರ ಸರ್ಕಾರ ರವಿವರ್ಮನ ಕೃತಿಗಳನ್ನು ರಾಷ್ಟ್ರದ ಕಲಾನಿಧಿ ಎಂದು ಸಾರಿತು, ಹೊರದೇಶಕ್ಕೆ ಒಯ್ಯದಂತೆ. ಒಳದೇಶದವರಿಗೆ ತೋರಿಸಬೇಕು ಎಂಬ ಕಟ್ಟಳೆಯನ್ನೂ ಅದರ ಜತೆಗೇ ಮಾಡಬೇಕಿತ್ತು.

ಶುರುವಿಗೆ ಹೊಸ ಕಟ್ಟಡ ಬೇಡ. ಪ್ರದರ್ಶನದಲ್ಲಿಲ್ಲದ ಪ್ರತಿಯೊಂದು ವಸ್ತುವಿನ ಪಟ್ಟಿಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ ಸಾಂಗ್ಲಿ, ಜತ್ತ, ಆಟಪಾಡಿ, ವಿಜಯಪುರದ ಗ್ರಂಥಾಲಯಗಳಲ್ಲಿ ಇಡಲಿ. ವಾರಕ್ಕೊಂದು ದಿನ ಹತ್ತು-ಹತ್ತು ಜನರನ್ನು ಉಗ್ರಾಣದೊಳಗೆ ಬಿಡಲಿ, ಜತ್ತ ತಾಲ್ಲೂಕಿನ ಉಮದಿ, ಸಂಖದ ಕನ್ನಡ ಶಾಲೆಯ ಮಕ್ಕಳಿಂದಲೇ ಆರಂಭಿಸಿ. ಬಸ್ಸಿನ ಖರ್ಚನ್ನು ಎರಡೂ ಸರ್ಕಾರಗಳು ಪಾಲು ಹಾಕಿಕೊಳ್ಳಲಿ. ನಮ್ಮನ್ನು ತಮ್ಮವರೆಂದು ಇಬ್ಬರೂ ಹೇಳಿದ್ದಾರಲ್ಲ.