ಬ್ಯಾಟರಿ ಕೊನೆಯ ಕಡ್ಡಿಗೆ ಬಂದಾಗ ಫೋನ್ ಎತ್ತಿದರೆ ಸಾವಿರ ಪಟ್ಟು ವಿಕಿರಣವೇ?

ಈ ಸಂದೇಶ ನಿಮ್ಮ ಗುಂಪಿಗೂ ಬಂದಿರುತ್ತದೆ. ಮಾತ್ರೆಯನ್ನು ತಣ್ಣೀರಲ್ಲಿ ನುಂಗಬೇಡಿ, ಸಂಜೆ ಐದರ ಮೇಲೆ ಹೊಟ್ಟೆ ತುಂಬ ಉಣ್ಣಬೇಡಿ, ಫೋನನ್ನು ಎಡಗಿವಿಗೇ ಇಡಿ. ಇಂಥ ಐದಾರು ಸಲಹೆಗಳ ಕೊನೆಗೆ ಒಂದು ಎಚ್ಚರಿಕೆ: ಬ್ಯಾಟರಿ ಒಂದೇ ಕಡ್ಡಿ ಉಳಿದಾಗ ಕರೆ ಸ್ವೀಕರಿಸಬೇಡಿ, ಆಗ ವಿಕಿರಣ ಸಾವಿರ ಪಟ್ಟು ಹೆಚ್ಚಿರುತ್ತದೆ. ಹತ್ತು ಹದಿನೈದು ವರ್ಷದಿಂದ ಇದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಕನ್ನಡದಲ್ಲೂ ಸುತ್ತುತ್ತಲೇ ಇದೆ.

ನಾನಿದನ್ನು ನಕ್ಕು ಬಿಡುತ್ತಿದ್ದೆ. ಆದರೆ ಕಳೆದ ಬೇಸಿಗೆಯಲ್ಲಿ ಹೊಸದುರ್ಗದ ಕಡೆ ಇರುವ ನಮ್ಮ ದೊಡ್ಡಪ್ಪ ತೋಟದಲ್ಲಿದ್ದಾಗ ಮನೆಯಲ್ಲಿ ದೊಡ್ಡಮ್ಮನಿಗೆ ಸಕ್ಕರೆ ಅಂಶ ಇಳಿದು ತಲೆ ಸುತ್ತಿತು. ಪಕ್ಕದ ಮನೆಯವರು ಮೂರು ಸಲ ಫೋನ್ ಮಾಡಿದರು. ದೊಡ್ಡಪ್ಪ ರಿಂಗ್ ಆಗುವುದನ್ನು ನೋಡುತ್ತಾ ಕೂತಿದ್ದರು. "ಒಂದೇ ಕಡ್ಡಿ ಇತ್ತವ್ವಾ, ಅದಕ್ಕೇ ಎತ್ತಲಿಲ್ಲ" ಅಂದರು ಆಮೇಲೆ. ಪಕ್ಕದವರೇ ಬೆಲ್ಲದ ನೀರು ಕುಡಿಸಿದ್ದರಿಂದ ದೊಡ್ಡಮ್ಮ ಚೇತರಿಸಿಕೊಂಡರು.

ಹಾಗಾದರೆ ಆ ಸಾವಿರ ಪಟ್ಟು ಎಲ್ಲಿಂದ ಬಂತು? ನನ್ನ ಊಹೆ ಇಷ್ಟು: ಫೋನಿನ ಪರದೆಯ ಮೇಲೆ ಎರಡು ಕಡ್ಡಿಗಳಿವೆ, ಒಂದು ಬ್ಯಾಟರಿಯದು, ಇನ್ನೊಂದು ಸಿಗ್ನಲ್ಲಿನದು. ಯಾರೋ ಎರಡನ್ನೂ ಅದಲು ಬದಲು ಮಾಡಿದ್ದಾರೆ. ಫೋನ್ ಎಷ್ಟು ಜೋರಾಗಿ ತರಂಗ ಕಳಿಸಬೇಕು ಎಂಬುದನ್ನು ತೀರ್ಮಾನಿಸುವುದು ಟವರು, ಬ್ಯಾಟರಿಯಲ್ಲ. ಟವರು ಹತ್ತಿರವಿದ್ದರೆ ಫೋನ್ ಪಿಸುಗುಟ್ಟುತ್ತದೆ, ದೂರವಿದ್ದರೆ ಕೂಗುತ್ತದೆ. ಚಿತ್ರದುರ್ಗ ಪೇಟೆಯಲ್ಲಿ ನಿಂತು ಮಾತಾಡುವಾಗ ಖರ್ಚಾಗುವ ಶಕ್ತಿಗಿಂತ ಜೋಗಿಮಟ್ಟಿಯ ಕಾಡಿನೊಳಗೋ ಮಾರಿಕಣಿವೆಯ ಹಿನ್ನೀರಿನ ಅಂಚಿನಲ್ಲೋ ಸಿಗ್ನಲ್ ಹುಡುಕುವಾಗ ಹೆಚ್ಚು ಖರ್ಚಾಗುತ್ತದೆ. ಅಂಥ ಕಡೆ ಫೋನ್ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಇದಕ್ಕೇ.

ಆದರೆ ಆ ಕೂಗಿಗೂ ಮಿತಿಯಿದೆ. ಹಳೆಯ 2ಜಿ ಫೋನಿನ ಗರಿಷ್ಠ ಶಕ್ತಿ 2 ವ್ಯಾಟ್, 4ಜಿ ಫೋನಿನದು ಸುಮಾರು ಕಾಲು ವ್ಯಾಟ್. ಬ್ಯಾಟರಿ ಖಾಲಿಯಾಗುತ್ತಾ ಬಂದರೆ ಇದು ಏರುವುದಿಲ್ಲ. ಏರಲು ಶಕ್ತಿಯಾದರೂ ಎಲ್ಲಿಂದ ಬರಬೇಕು? 2012ರ ಸೆಪ್ಟೆಂಬರ್‌ನಿಂದ ಭಾರತದಲ್ಲಿ ಮಾರುವ ಫೋನುಗಳಿಂದ ದೇಹ ಹೀರಿಕೊಳ್ಳುವ ಶಕ್ತಿ ಕಿಲೋಗೆ 1.6 ವ್ಯಾಟ್ ಮೀರಬಾರದೆಂಬ ನಿಯಮವಿದೆ. *#07# ಒತ್ತಿದರೆ ಹೆಚ್ಚಿನ ಫೋನುಗಳು ತಮ್ಮ ಅಂಕಿ ತೋರಿಸುತ್ತವೆ, ಈಗಲೇ ಒತ್ತಿ ನೋಡಬಹುದು. ಕ್ಯಾನ್ಸರಿನ ಭಯದ ಬಗ್ಗೆ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು 2011ರಲ್ಲಿ ಈ ತರಂಗಗಳನ್ನು 'ಕಾರಣವಾಗಲೂಬಹುದು' ಎಂಬ ಗುಂಪಿಗೆ ಸೇರಿಸಿತ್ತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಫೋನಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ.

ಇನ್ನು ಸಿಡಿಯುವ ವಿಚಾರ. ಇದನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. 2007ರ ಆಗಸ್ಟ್ ನೆನಪಿದೆಯೇ? ನೋಕಿಯಾ 1100 ಮನೆಮನೆಯಲ್ಲಿದ್ದ ಕಾಲ. ಅದರ ಬಿಎಲ್-5ಸಿ ಬ್ಯಾಟರಿಗಳಲ್ಲಿ ಒಬ್ಬ ತಯಾರಕರು 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಮಾಡಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದು ಎಂದು ಕಂಪನಿಯೇ ಹೇಳಿತು. ಜಗತ್ತಿನಾದ್ಯಂತ ವರದಿಯಾಗಿದ್ದು ನೂರರಷ್ಟು ಪ್ರಕರಣ. ಭಾರತದಲ್ಲಿ ಮಾತ್ರ 'ಬ್ಯಾಟರಿ ಬಾಂಬ್' ಎಂಬಂಥ ಗಾಬರಿ ಹಬ್ಬಿ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತಿತು. 2016ರಲ್ಲಿ ಸ್ಯಾಮ್‌ಸಂಗ್ ನೋಟ್ 7 ಹೊತ್ತಿಕೊಂಡು ಮಾರಾಟವೇ ನಿಂತಿತು. ಅದಕ್ಕೂ ಕಾರಣ ಬ್ಯಾಟರಿ ಒಳಗಿನ ದೋಷ: ಒಂದು ತಯಾರಕರದ್ದರಲ್ಲಿ ಮೂಲೆಯ ಪದರ ಮಡಚಿತ್ತು, ಇನ್ನೊಬ್ಬರದ್ದರಲ್ಲಿ ಬೆಸುಗೆಯ ಮುಳ್ಳು ಚುಚ್ಚಿತ್ತು.

ಲಿಥಿಯಂ ಬ್ಯಾಟರಿಯೊಳಗೆ ಎರಡು ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆಯಿದೆ. ಪೆಟ್ಟು, ಶಾಖ ಅಥವಾ ದೋಷದಿಂದ ಅದು ಹರಿದರೆ ಎರಡೂ ಪದರ ತಗುಲಿ ಬಿಸಿಯಾಗುತ್ತದೆ. ಆ ಬಿಸಿ ಇನ್ನಷ್ಟು ರಾಸಾಯನಿಕ ಕ್ರಿಯೆ ಹಚ್ಚುತ್ತದೆ, ಅದು ಮತ್ತಷ್ಟು ಬಿಸಿ. ಬಣವೆಗೆ ಬಿದ್ದ ಕಿಡಿಯಂತೆ. ಹೀಗಾಗಿ ನಮ್ಮ ಕಡೆ ನಿಜವಾಗಿ ಹೆದರಬೇಕಾದ್ದು ಬಿಸಿಗೆ. ಏಪ್ರಿಲ್ ಮಧ್ಯಾಹ್ನ ಹಿರಿಯೂರಿನಲ್ಲಿ ಟ್ರಾಕ್ಟರಿನ ಬಾನೆಟ್ ಮೇಲೋ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬಿಟ್ಟ ಫೋನ್ 60 ಡಿಗ್ರಿ ದಾಟಬಲ್ಲದು. 45 ಡಿಗ್ರಿ ಮೇಲೆ ಚಾರ್ಜ್ ಮಾಡುವುದೇ ಈ ಬ್ಯಾಟರಿಗೆ ಒಳ್ಳೆಯದಲ್ಲ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಬೇಯಿಸುವ ಒಲೆ ಹತ್ತಿರ ಫೋನಲ್ಲಿ ಹಾಡು ಹಾಕಿಟ್ಟು ಕೆಲಸ ಮಾಡುವವರನ್ನು ಕಂಡಿದ್ದೇನೆ. ನಾಲ್ಕು ಮಾರು ಆಚೆ ಇಟ್ಟರೆ ಸಾಕು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೆ ತುಂಬಿ ಒಡೆಯುವುದಿಲ್ಲ, ತುಂಬಿದ ಮೇಲೆ ಫೋನೇ ನಿಲ್ಲಿಸುತ್ತದೆ. ದಿಂಬಿನಡಿ ಇಟ್ಟು ಚಾರ್ಜ್ ಮಾಡುವುದು ಬೇಡ, ಬಿಸಿ ಹೋಗಲು ದಾರಿಯಿರುವುದಿಲ್ಲ.

ಚಾರ್ಜಿಗೆ ಹಾಕಿ ಮಾತಾಡಿದರೆ ಸಿಡಿಯುತ್ತದೆ ಎನ್ನುವ ಫಾರ್ವರ್ಡ್ ಅರ್ಧ ಸುಳ್ಳು, ಅರ್ಧ ನಿಜ. ಸಾಮಾನ್ಯವಾಗಿ ಸಿಡಿಯುವುದಿಲ್ಲ, ಆದರೆ ಶಾಕ್ ಹೊಡೆಯಬಹುದು. ತಪ್ಪು ಮಾತಿನದಲ್ಲ, ಚಾರ್ಜರಿನದು. ಗೋಡೆಯ 230 ವೋಲ್ಟಿಗೂ ನಿಮ್ಮ ಕೈಗೆ ಬರುವ 5 ವೋಲ್ಟಿಗೂ ನಡುವೆ ಒಳ್ಳೆಯ ಚಾರ್ಜರಿನಲ್ಲಿ ಭದ್ರವಾದ ಅಂತರವಿರುತ್ತದೆ. ಬಸ್ ಸ್ಟ್ಯಾಂಡಿನ ಬುಟ್ಟಿಯಲ್ಲಿ ಸಿಗುವ ಡೂಪ್ಲಿಕೇಟಿನಲ್ಲಿ ಆ ಅಂತರ ಉಳಿತಾಯಕ್ಕೆ ಬಲಿಯಾಗಿರುತ್ತದೆ. ಹಳ್ಳಿಯಲ್ಲಿ ವೋಲ್ಟೇಜ್ ಏರಿಳಿತ ನಿಮಗೆ ಗೊತ್ತೇ ಇದೆ. ರಾತ್ರಿ ಮೂರು ಫೇಸ್ ಕರೆಂಟಿಗೆ ಕಾಯುತ್ತಾ, ಒದ್ದೆ ಕಾಲಲ್ಲಿ, ಪಂಪ್‌ಸೆಟ್ ಮನೆಯಲ್ಲಿ ಚಾರ್ಜಿಗೆ ಹಾಕಿದ ಫೋನ್ ಹಿಡಿದು ಮಾತಾಡುವ ರೈತನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಭಾರತದಲ್ಲಿ ಚಾರ್ಜರ್, ಬ್ಯಾಟರಿ, ಪವರ್ ಬ್ಯಾಂಕುಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. 'ಆರ್' ಅಕ್ಷರದ ಮುಂದೆ ಎಂಟು ಅಂಕಿಯ ಸಂಖ್ಯೆ ಮುದ್ರಿಸಿರುತ್ತಾರೆ. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದೆಂದು ಬರುತ್ತದೆ. ಬೇರೆ ಹೆಸರು ಬಂದರೆ ಅಂಗಡಿಯವನಿಗೆ ವಾಪಸ್ ಕೊಡಿ.

ಗುಡುಗು ಬಂದಾಗ ಮೊಬೈಲ್ ಆಫ್ ಮಾಡಿ ಎನ್ನುವ ಸಂದೇಶದ ಮೇಲೆ ನನಗೆ ಹೆಚ್ಚು ಸಿಟ್ಟು. ಫೋನ್ ಸಿಡಿಲನ್ನು ಎಳೆಯುವುದಿಲ್ಲ. ಸಿಡಿಲು ಹುಡುಕುವುದು ಬಯಲಲ್ಲಿ ಎತ್ತರವಾಗಿ ನಿಂತಿದ್ದನ್ನು: ಮರ, ಕಂಬ, ಒಂಟಿಯಾಗಿ ನಿಂತ ಮನುಷ್ಯ. ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಿದ್ದಾರೆ. ಈ ಸಂದೇಶ ನಂಬಿದ ಕುರಿಗಾಹಿ ಫೋನ್ ಆಫ್ ಮಾಡಿ ಹುಣಸೆ ಮರದಡಿ ನಿಂತರೆ ಏನಾಯಿತು? ಅಪಾಯ ಹಾಗೇ ಉಳಿಯಿತು, ಎಚ್ಚರಿಕೆ ಬರುವ ದಾರಿ ಮುಚ್ಚಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು', ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್‌ಗಳು ಹತ್ತಿರದಲ್ಲಿ ಸಿಡಿಲಿದ್ದರೆ ಮುಂಚೆಯೇ ತಿಳಿಸುತ್ತವೆ. ಚಾರ್ಜರ್ ಪ್ಲಗ್ ಮಾತ್ರ ಕಿತ್ತಿಡಿ, ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕ ಮನೆಯೊಳಗೂ ಬರುತ್ತದೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಒಂದೇ ದಿನ ಹೇಳಲಾಗಲಿಲ್ಲ. ಅವರು ಕೇಳಿದ ಪ್ರಶ್ನೆ ಬೇರೆಯೇ ಇತ್ತು: ಹಳೇ ಫೋನಿನ ಬ್ಯಾಟರಿ ಹಪ್ಪಳದಂತೆ ಉಬ್ಬಿದೆ, ಅಂಗಡಿ ಹುಡುಗ ಪಿನ್ನಿನಲ್ಲಿ ಚುಚ್ಚಿ ಗಾಳಿ ತೆಗೆಯುತ್ತೇನೆ ಅಂದ, ತೆಗೆಸಲಾ? ಬೇಡವೇ ಬೇಡ. ಒಳಗಿರುವ ಅನಿಲಕ್ಕೆ ಬೆಂಕಿ ಹತ್ತುವ ಗುಣವಿದೆ, ಪಿನ್ನು ಆ ತೆಳು ಹಾಳೆಯನ್ನೇ ಹರಿಯುತ್ತದೆ. ಚಾರ್ಜಿಗೆ ಹಾಕದೆ, ಒತ್ತದೆ, ಕಸದ ತಿಪ್ಪೆಗೂ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. ಅಕಸ್ಮಾತ್ ಚಾರ್ಜಿಗಿದ್ದ ಫೋನ್ ಹೊಗೆಯಾಡಿದರೆ ಮೊದಲು ಬೋರ್ಡಿನ ಸ್ವಿಚ್ ಆರಿಸಿ, ಹೊಗೆ ಕುಡಿಯದೆ ದೂರದಿಂದ ಧಾರಾಳವಾಗಿ ನೀರು ಸುರಿಯಿರಿ. ದೊಡ್ಡಪ್ಪನ ಬ್ಯಾಟರಿ ಈಗ ಪಂಪ್‌ಸೆಟ್ ಮನೆಯ ಹೊರಗೆ, ಮರಳು ತುಂಬಿದ ಹಳೇ ಮಡಕೆಯಲ್ಲಿದೆ. ಮುಂದಿನ ಸಲ ಚಿತ್ರದುರ್ಗಕ್ಕೆ ಬರುವಾಗ ತರುತ್ತಾರಂತೆ.